ಬೇಸ್ ದೆಹಲಿ, ಮನೆ ಹಾಸನ: ಓದುಗರ ಸ್ಪಂದನ

ಕಳೆದ ಸಲದ ಪತ್ರ: "ನಮ್ಮ ಯಜಮಾನ್ರು ಪೈಲಟ್. ಕಂಪನಿ ಕೊಟ್ಟಿರೋ ಬೇಸ್, ಅಂದ್ರೆ ಡ್ಯೂಟಿ ಶುರುವಾಗೋ ಊರು, ದೆಹಲಿ. ನಾನು, ಮಗು, ವಯಸ್ಸಾದ ಅತ್ತೆ ಮಾವ ಇರೋದು ಹಾಸನದಲ್ಲಿ. ಆಫ್ ಸಿಕ್ಕಾಗೆಲ್ಲ ಓಡಿ ಬರ್ತಾರೆ, ಬಂದು ಮಲಗ್ತಾರೆ, ಎದ್ದು ಹೊರಡ್ತಾರೆ. ಎಲ್ಲರೂ ದೆಹಲಿಗೆ ಹೋಗೋಣ ಅಂದ್ರೆ ಅತ್ತೆ ಮಾವ ಒಪ್ಪಲ್ಲ. ಏನ್ ಮಾಡ್ಲಿ?"

ತಂಗಿ, ನಿಮ್ ಪತ್ರ ಓದ್ತಾ ಇದ್ರೆ ನಮ್ಮನೆ ಕಥೆನೇ ಯಾರೋ ಬರೆದಂಗಿತ್ತು. ನಮ್ಮನೆಯವ್ರು ಒಂಬತ್ತು ವರ್ಷ ಮುಂಬೈ ಬೇಸ್, ನಾವಿಲ್ಲಿ. ಪೈಲಟ್ ಅಂದ್ರೆ ಫ್ರೀಯಾಗಿ ಹಾರ್ಕೊಂಡು ಮನೆಗೆ ಬರ್ತಾನೆ ಅಂತ ನೆಂಟರೆಲ್ಲ ಅಂದ್ಕೊಂಡಿರ್ತಾರೆ, ಸ್ಟಾಫ್ ಟಿಕೆಟ್ಟು ಅಂದ್ರೆ ಸೀಟು ಖಾಲಿ ಉಳಿದ್ರೆ ಮಾತ್ರ ಅಂತ ಎಷ್ಟು ಸಲ ಹೇಳಿದ್ರೂ ತಲೆಗೆ ಹೋಗಲ್ಲ, ದೀಪಾವಳಿ ಟೈಮಲ್ಲಿ ಅಂದ್ರೆ ನಿಮ್ಮ ಹಾಸನಾಂಬೆ ಬಾಗಿಲು ತೆಗೆದಿರ್ತಾರಲ್ಲ ಆವಾಗ ಒಂದ್ಸಲ ಮೂರು ಫ್ಲೈಟ್ ಕಣ್ಣೆದುರೇ ತುಂಬ್ಕೊಂಡು ಹೋದ್ವು, ಪಾಪ ಇವ್ರು ಏರ್‌ಪೋರ್ಟಲ್ಲೇ ಕೂತಿದ್ರು. ನಿಮ್ದೂ ಲೆಕ್ಕ ಹಾಕಿ. ದೆಹಲಿಯಿಂದ ಬೆಂಗಳೂರು ಹತ್ರ ಹತ್ರ ಮೂರು ಗಂಟೆ, ಅದಕ್ಕೆ ಮುಂಚೆ ಕಾಯೋದು, ಇಳಿದ್ಮೇಲೆ ದೇವನಹಳ್ಳಿಯಿಂದ ಹಾಸನಕ್ಕೆ ಕಾರಲ್ಲಿ ನಾಲ್ಕು ಗಂಟೆ. ಒಂದು ಕಡೆಗೇ ಒಂಬತ್ತು ಹತ್ತು ಗಂಟೆ ಆಗೋಗುತ್ತೆ. ವಾರದ ರೆಸ್ಟು ಮೊದಲು 36 ಗಂಟೆ ಇತ್ತು, 2025ರ ಜುಲೈಯಿಂದ ಡಿಜಿಸಿಎ, ಅಂದ್ರೆ ವಿಮಾನಯಾನದ ರೂಲ್ಸ್ ಮಾಡೋ ಸರ್ಕಾರಿ ಸಂಸ್ಥೆ, 48 ಮಾಡ್ತು, ಆ 48ರಲ್ಲಿ ಇಪ್ಪತ್ತು ದಾರಿಗೆ ಹೋದ್ರೆ ನಿಮ್ಗೆ ಮಗುಗೆ ಅತ್ತೆ ಮಾವಂಗೆ ಎಲ್ಲಾ ಸೇರಿ ಉಳಿಯೋದು 28, ಅದ್ರಲ್ಲೂ ನಿದ್ದೆ. ಹಾಗಾಗಿ ಅವ್ರು ಮಲಗಿದ್ರೆ ಬೇಜಾರು ಮಾಡ್ಕೋಬೇಡಿ. ನಾವು ಆಮೇಲೆ ಮಾಡಿದ್ದು ಇಷ್ಟೇ, ಒಂದೇ ಆಫಿಗೆ ಬರೋದು ಬಿಟ್ವಿ. ನಾಲ್ಕೈದು ದಿನ ಒಟ್ಟಿಗೆ ಸಿಕ್ಕಿದ್ರೆ ಅವ್ರು ಬರೋದು, ಇಲ್ಲಾಂದ್ರೆ ಮಕ್ಕಳ ರಜೆಲಿ ನಾವೇ ಅಲ್ಲಿಗೆ ಹೋಗೋದು. ಇನ್ನೊಂದು, ವಾಪಸ್ ಡ್ಯೂಟಿಗೆ ಹೋಗೋ ಹಿಂದಿನ ದಿನ ಬೀಗರೂಟಕ್ಕೆಲ್ಲ ಕರ್ಕೊಂಡು ಹೋಗ್ಬೇಡಿ, ಹಾರೋಕೆ 12 ಗಂಟೆ ಮುಂಚೆ ಒಂದು ಹನಿ ಡ್ರಿಂಕ್ಸೂ ಮುಟ್ಟಂಗಿಲ್ಲ, ಊದಿಸಿ ನೋಡ್ತಾರೆ, ಅದನ್ನ ನಮ್ ಚಿಕ್ಕಪ್ಪಂಗೆ ಅರ್ಥ ಮಾಡ್ಸೋಕೆ ನಂಗೆ ವರ್ಷಗಳೇ ಬೇಕಾಯ್ತು.
– ಪೈಲಟ್ ಮನೆಯಾಕೆ, ಚಿಕ್ಕಮಗಳೂರು

ನಾನು ರಿಟೈರ್ ಆಗೋವರೆಗೂ ಏರ್‌ಲೈನಲ್ಲಿ ಕ್ರೂ ರೋಸ್ಟರ್, ಅಂದ್ರೆ ಪೈಲಟ್‌ಗಳ ಡ್ಯೂಟಿ ಪಟ್ಟಿ, ಹಾಕ್ತಿದ್ದೋನು. ಕಂಪನಿನೇ ಬೇರೆ ಊರಿಗೆ ಕಳಿಸಿದ್ರೆ ಆ ಪ್ರಯಾಣ ಡ್ಯೂಟಿ ಲೆಕ್ಕಕ್ಕೆ ಬರುತ್ತೆ, ಮನೆಯಿಂದ ಬೇಸಿಗೆ ಬರೋದು ಬರಲ್ಲ, ಅದು ಅವ್ರ ರೆಸ್ಟಿನಲ್ಲೇ ಕಟ್ ಆಗೋದು. ಯುರೋಪಲ್ಲಿ ಮನೆಯಿಂದ ಬೇಸಿಗೆ 90 ನಿಮಿಷಕ್ಕಿಂತ ಜಾಸ್ತಿ ಆಗೋದಾದ್ರೆ ಹತ್ರದಲ್ಲೇ ತಂಗೋ ವ್ಯವಸ್ಥೆ ಮಾಡ್ಕೋಬೇಕು ಅಂತ ಸೂಚನೆ ಇದೆ. ನಾಲ್ಕೈದು ಜನ ಪೈಲಟ್‌ಗಳು ಸೇರಿ ಒಂದು ರೂಮು ಬಾಡಿಗೆಗೆ ಹಿಡೀತಾರೆ, ದೆಹಲಿಲಿ ಅದಿಲ್ದಿದ್ರೆ ಮೊದ್ಲು ಅದು ಮಾಡ್ಲಿ. ಬೇಸ್ ಟ್ರಾನ್ಸ್‌ಫರ್‌ಗೆ ಅರ್ಜಿ ಇವತ್ತೇ ಹಾಕ್ಲಿ, ಕ್ಯೂ ಉದ್ದ ಇರುತ್ತೆ.
– ಹಿರಿಯ ಓದುಗ, ಅರಸೀಕೆರೆ

ಏರ್ ಡೆಕ್ಕನ್ ಕಟ್ಟಿದ ಕ್ಯಾಪ್ಟನ್ ಗೋಪಿನಾಥ್ ನಮ್ಮ ಗೊರೂರಿನೋರು ಕಣಮ್ಮ, 2003ರಲ್ಲೇ ಬಡವ್ರನ್ನ ವಿಮಾನ ಹತ್ತಿಸಿದ್ರು. ಹಾಸನದ ಭುವನಹಳ್ಳಿಲಿ ಏರ್‌ಪೋರ್ಟ್ ಆಗುತ್ತೆ ಅನ್ನೋ ಮಾತು ಮಾತ್ರ ನಾನು ಹುಡುಗ ಇದ್ದಾಗಿಂದ ಕೇಳ್ತಾನೇ ಇದ್ದೀನಿ. ಅದನ್ನ ನಂಬ್ಕೊಂಡು ಕೂರ್ಬೇಡಿ.
– ಗೊರೂರು

ಅಕ್ಕಾ ನಾನಿನ್ನೂ ಪೈಲಟ್ ಟ್ರೈನಿಂಗಲ್ಲಿದ್ದೀನಿ, ಹೆದ್ರಿಸ್ತಿದ್ದೀನಿ ಅನ್ಕೋಬೇಡಿ, ನಮ್ಗೆ ಕ್ಲಾಸಲ್ಲಿ ಹೇಳ್ಕೊಟ್ಟಿದ್ದು. ಅಮೆರಿಕದಲ್ಲಿ 2009 ಫೆಬ್ರವರಿ 12ಕ್ಕೆ ಬಫಲೋ ಹತ್ರ ಕೋಲ್ಗನ್ ಅನ್ನೋ ಕಂಪನಿ ವಿಮಾನ ಬಿದ್ದು 50 ಜನ ಹೋದ್ರು. ಅದ್ರ ಫಸ್ಟ್ ಆಫೀಸರ್, ಅಂದ್ರೆ ಕೋಪೈಲಟ್, ಸಿಯಾಟಲ್ ಕಡೆಯೋರು, ಬೇಸು ನ್ಯೂವಾರ್ಕು, ಅಂದ್ರೆ ದೇಶದ ಆ ತುದಿಯಿಂದ ಈ ತುದಿಗೆ ರಾತ್ರಿಯೆಲ್ಲ ಹಾರ್ಕೊಂಡು ಬಂದು ಡ್ಯೂಟಿಗೆ ಕೂತಿದ್ರು, ಕ್ಯಾಪ್ಟನ್ ಫ್ಲೋರಿಡಾ ಕಡೆಯವ್ರು, ಅವ್ರೂ ಹಿಂದಿನ ರಾತ್ರಿ ಏರ್‌ಪೋರ್ಟಿನ ಕ್ರೂ ರೂಮಲ್ಲೇ ಕಳೆದಿದ್ರು. ಮುಖ್ಯ ಕಾರಣ ಕ್ಯಾಪ್ಟನ್ ಕಂಟ್ರೋಲ್ ತಪ್ಪಾಗಿ ಎಳೆದಿದ್ದು ಅಂತಾನೇ ತನಿಖೆ ಹೇಳಿದ್ದು, ಆದ್ರೆ ಇಬ್ರಿಗೂ ಆಯಾಸ ಇತ್ತು ಅಂತಾನೂ ಬರೆದಿದ್ದಾರೆ. ಅದಕ್ಕೇ ಹೇಳೋದು, ಅಣ್ಣ ಡ್ಯೂಟಿ ದಿನ ಬೆಳಿಗ್ಗೆ ಹಾಸನ ಬಿಡೋದು ಬೇಡ, ಹಿಂದಿನ ದಿನ ಮಧ್ಯಾಹ್ನನೇ ಬಿಡ್ಲಿ, ನೀವು ತಡೀಬೇಡಿ.
– ಸಕಲೇಶಪುರದ ಹುಡುಗ

ಕಾರೇ ಯಾಕೆ? ಕುಣಿಗಲ್ ಮೇಲೆ ಹೋಗೋ ರೈಲು 2017ರಿಂದ ಇದೆ. ಯಶವಂತಪುರದಿಂದ ಮಲ್ಕೊಂಡು ಬರ್ಬೋದು.
– ಶ್ರವಣಬೆಳಗೊಳ

ಮೇಡಂ ನಂದು ಚನ್ನರಾಯಪಟ್ಟಣ, ಏರ್ಪೋರ್ಟ್ ಟ್ಯಾಕ್ಸಿ ಓಡುಸ್ತೀನಿ. ಪೈಲಟ್ ಸಾಹೇಬ್ರುಗಳ್ನೂ ತುಂಬಾ ಸಲ ಕರ್ಕಂಡ್ ಬಂದಿವ್ನಿ, ನೆಲಮಂಗಲ ದಾಟೋಕ್ ಮುಂಚೆನೇ ನಿದ್ದೆ, ಯಡಿಯೂರಲ್ಲಿ ಟೀಗೆ ಎಬ್ಬುಸುದ್ರೆ ಬೇಡ ಬಿಡಪ್ಪ ಅಂತಾರೆ, ಅಷ್ಟು ಸುಸ್ತಾಗಿರ್ತಾರೆ. ಮೇಲಿನೋರೆಲ್ಲ ಏನೇನೋ ಹೇಳವ್ರೆ, ಸರಿ. ಆದ್ರೆ ನೀವು ಒಂದು ಬರ್ದೇ ಇಲ್ಲ, ರಾತ್ರಿ ಇಳ್ದು ದೇವನಹಳ್ಳಿಯಿಂದ ಹಾಸನಕ್ಕೆ ನಿಮ್ ಯಜಮಾನ್ರು ತಾವೇ ಕಾರು ಓಡುಸ್ಕಂಡ್ ಬರ್ತಾರಾ?
– ಚನ್ನರಾಯಪಟ್ಟಣ