ಕಂತು ಮುಂದೂಡಬೇಕೇ? 2020ರಲ್ಲಿ ಸಾಲ ಇದ್ದವರ ಅನುಭವ

ಪ್ರಶ್ನೆ: ನನಗೆ ಗೃಹಸಾಲವೂ ಇದೆ, ಸಣ್ಣ ಘಟಕದ ಮೇಲಿನ ಸಾಲವೂ ಇದೆ. ಕೋವಿಡ್‌ನಂತಹ ಸಾಂಕ್ರಾಮಿಕ ಮತ್ತೆ ಬಂದು, ಕಂತು ಮುಂದೂಡಲು ರಿಸರ್ವ್ ಬ್ಯಾಂಕ್ ಮತ್ತೆ ಅವಕಾಶ ಕೊಟ್ಟರೆ ಅದನ್ನು ಬಳಸಿಕೊಳ್ಳಬೇಕೇ? ಆಗ ಬಳಸಿಕೊಂಡವರೂ ಬೇಡವೆಂದವರೂ ದಯವಿಟ್ಟು ತಿಳಿಸಿ.

ಸಣ್ಣ ಉದ್ದಿಮೆಗಳ ಲೆಕ್ಕಪತ್ರ ನೋಡುವವರು:
ಮೊದಲು ಒಂದು ವಿಷಯ ಸ್ಪಷ್ಟವಾಗಲಿ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಪ್ರಕಟಿಸಿ, ಮೇ ತಿಂಗಳಲ್ಲಿ ಆಗಸ್ಟ್ 31ರವರೆಗೆ ವಿಸ್ತರಿಸಿದ್ದು ಕಂತಿನ ಮುಂದೂಡಿಕೆಯೇ ಹೊರತು ಮನ್ನಾ ಅಲ್ಲ. ಬಡ್ಡಿ ಒಂದು ದಿನವೂ ನಿಲ್ಲಲಿಲ್ಲ. ನನ್ನ ಬಳಿ ಬಂದ ಅನೇಕರು ಇದನ್ನು ಸರ್ಕಾರದ ಕೊಡುಗೆ ಎಂದೇ ಭಾವಿಸಿದ್ದರು.

ಲೆಕ್ಕ ಹಾಕಿ ನೋಡೋಣ. ಶೇ 8.5ರ ಬಡ್ಡಿಯಲ್ಲಿ 20 ವರ್ಷಕ್ಕೆ 30 ಲಕ್ಷ ರೂಪಾಯಿ ಗೃಹಸಾಲ ಪಡೆದವರ ಮಾಸಿಕ ಕಂತು ಸುಮಾರು 26,000 ರೂಪಾಯಿ. ಸಾಲದ ಆರಂಭದಲ್ಲೇ ಆರು ತಿಂಗಳು ಕಟ್ಟದಿದ್ದರೆ ಬಾಕಿ 31.30 ಲಕ್ಷದ ಹತ್ತಿರ ಬರುತ್ತದೆ. ಕಂತಿನ ಮೊತ್ತವನ್ನು ಹಾಗೆಯೇ ಇಟ್ಟರೆ 240 ಕಂತುಗಳಲ್ಲಿ ತೀರಬೇಕಾದ ಸಾಲ ಸುಮಾರು 270 ಕಂತುಗಳಿಗೆ ಎಳೆಯುತ್ತದೆ. ಅದೇ ಸಾಲ ಕೊನೆಯ ಎರಡು ವರ್ಷಗಳಲ್ಲಿದ್ದರೆ ಹೊರೆ ಅತ್ಯಲ್ಪ. ಆದ್ದರಿಂದ ಸಾಲದ ವಯಸ್ಸನ್ನು ನೋಡದೆ ಯಾರೂ ತೀರ್ಮಾನಿಸಬಾರದು.

'ಬಡ್ಡಿಯ ಮೇಲಿನ ಬಡ್ಡಿ' ಕುರಿತು ಆಗ ದೊಡ್ಡ ಚರ್ಚೆಯೇ ನಡೆಯಿತು. 2 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಚಕ್ರಬಡ್ಡಿಗೂ ಸರಳ ಬಡ್ಡಿಗೂ ಇರುವ ವ್ಯತ್ಯಾಸವನ್ನು ಕೇಂದ್ರ ಸರ್ಕಾರ 2020ರ ಅಕ್ಟೋಬರ್‌ನಲ್ಲಿ ತಾನೇ ಭರಿಸಲು ಒಪ್ಪಿತು. 2021ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್ ಮೊತ್ತದ ಮಿತಿಯಿಲ್ಲದೆ ಚಕ್ರಬಡ್ಡಿ ಬೇಡವೆಂದಿತಾದರೂ ಬಡ್ಡಿಯ ಪೂರ್ಣ ಮನ್ನಾವನ್ನು ನಿರಾಕರಿಸಿತು. ಮೇಲಿನ ಉದಾಹರಣೆಯಲ್ಲಿ ಆ ವ್ಯತ್ಯಾಸ ಸುಮಾರು 2,300 ರೂಪಾಯಿ ಮಾತ್ರ. ಉಳಿದ 1,27,500 ರೂಪಾಯಿ ಬಡ್ಡಿಯನ್ನು ಸಾಲಗಾರನೇ ಹೊರಬೇಕು.

ಹಾಗೆಂದು ಮುಂದೂಡಿಕೆ ವ್ಯರ್ಥವೆನ್ನಲಾರೆ. ಆದಾಯ ನಿಂತು, ಕೈಯಲ್ಲಿ ಎರಡು ತಿಂಗಳ ಖರ್ಚಿಗೂ ಹಣವಿಲ್ಲದವರು ಅದನ್ನು ಪಡೆಯಲೇಬೇಕು. ಆ ಅವಧಿ ಸುಸ್ತಿ ಎಂದು ದಾಖಲಾಗುವುದಿಲ್ಲ ಎಂಬುದೇ ಅದರ ನಿಜವಾದ ಬೆಲೆ. ಕೈಸಾಲಕ್ಕೆ ಹೋಗುವುದಕ್ಕಿಂತ ಇದು ಎಷ್ಟೋ ಮೇಲು.

ಸಣ್ಣ ಘಟಕದ ಮಾಲೀಕರು:
ಘಟಕದ ಸಾಲದ ಬಗ್ಗೆ ನಾನು ಹೇಳುತ್ತೇನೆ. 2020ರ ಮೇ ತಿಂಗಳಲ್ಲಿ ಘೋಷಣೆಯಾದ 3 ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಖಾತರಿ ಯೋಜನೆಯಲ್ಲಿ, ಫೆಬ್ರವರಿ 29ಕ್ಕೆ ಇದ್ದ ಬಾಕಿಯ ಶೇ 20ರಷ್ಟನ್ನು ಹೊಸ ಅಡಮಾನವಿಲ್ಲದೆ ನಾಲ್ಕು ವರ್ಷಗಳ ಅವಧಿಗೆ ಕೊಟ್ಟರು; ಮೊದಲ ವರ್ಷ ಬಡ್ಡಿ ಮಾತ್ರ ಕಟ್ಟಿದರೆ ಸಾಕಿತ್ತು. ಆ ಹಣದಿಂದ ಕೆಲಸಗಾರರ ಸಂಬಳವನ್ನೂ ಕಚ್ಚಾಮಾಲಿನವರ ಬಾಕಿಯನ್ನೂ ಕೊಟ್ಟು ಘಟಕವನ್ನು ಉಳಿಸಿಕೊಂಡೆವು. ಆದರೆ ಆರ್ಡರ್‌ಗಳೇ ಇಲ್ಲದ ಹೊತ್ತಿನಲ್ಲಿ ಸಿಕ್ಕಿದ್ದು ಕೂಡ ಸಾಲವೇ. ಬಡ್ಡಿ ಮಾತ್ರ ಕಟ್ಟುವ ವರ್ಷ ಮುಗಿಯುತ್ತ ಬಂದಾಗ, 2021ರ ಬೇಸಿಗೆಯಲ್ಲಿ, ಎರಡನೇ ಅಲೆ ಬಂತು. ಹಳೆಯ ಕಂತಿನ ಜೊತೆಗೆ ಹೊಸದರ ಅಸಲೂ ಸೇರಿಕೊಂಡಿತು. ಸರ್ಕಾರ ಬ್ಯಾಂಕಿಗೆ ಖಾತರಿ ಕೊಟ್ಟಿತ್ತು. ನಮ್ಮ ಮಾರಾಟಕ್ಕೆ ಯಾರೂ ಖಾತರಿ ಕೊಟ್ಟಿರಲಿಲ್ಲ. ಬ್ಯಾಂಕಿನ ಬದಲು ಖಾಸಗಿ ಲೇವಾದೇವಿದಾರರನ್ನು ನಂಬಿದ್ದವರಿಗಂತೂ ಈ ಬಾಗಿಲು ತೆರೆಯಲೇ ಇಲ್ಲ, ಏಕೆಂದರೆ ಹಳೆಯ ಸಾಲದ ಬಾಕಿಯೇ ಇದಕ್ಕೆ ಆಧಾರವಾಗಿತ್ತು.

ಕಂತು ನಿಲ್ಲಿಸದ ಸಂಬಳದಾರರು:
ನಮ್ಮ ಸಂಬಳ ಕಡಿತವಾಯಿತು, ನಿಲ್ಲಲಿಲ್ಲ. ಹಾಗಾಗಿ ಕಂತು ಕಟ್ಟುತ್ತಲೇ ಹೋದೆವು. ಮೇಲೆ ಹೇಳಿದ ವ್ಯತ್ಯಾಸದ ಹಣ ಮುಂದೂಡಿಕೆ ಪಡೆಯದ ನಮ್ಮ ಖಾತೆಗೂ ಬಂತು. ಅದಕ್ಕಿಂತ ಹೆಚ್ಚು ನೆರವಾದದ್ದು ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ದರ, 2020ರ ಮೇ ಹೊತ್ತಿಗೆ ಶೇ 4ಕ್ಕೆ ಇಳಿದದ್ದು. ನಮ್ಮ ಸಾಲ ರೆಪೊಗೆ ಜೋಡಣೆಯಾಗಿದ್ದರಿಂದ ಬಡ್ಡಿ ಬೇಗ ಇಳಿಯಿತು. ಹಳೆಯ ಪದ್ಧತಿಯ ಸಾಲದಲ್ಲಿದ್ದ ಸಹೋದ್ಯೋಗಿಗಳು ಬಹುಕಾಲ ಕಾಯಬೇಕಾಯಿತು. ನಿಮ್ಮ ಗೃಹಸಾಲ ಯಾವ ದರಕ್ಕೆ ಜೋಡಣೆಯಾಗಿದೆ ಎಂಬುದನ್ನು ಈಗಲೇ ವಿಚಾರಿಸಿಕೊಳ್ಳಿ.

ಲೆಕ್ಕಪತ್ರ ನೋಡುವವರು, ಮತ್ತೆ:
ಒಂದು ಮಾತು ಬಿಟ್ಟುಹೋಗಿತ್ತು. ಎರಡೂ ಸಾಲಗಳಿಗೆ ಒಂದೇ ಉತ್ತರ ಕೊಡಬೇಕೆಂದಿಲ್ಲ; ಉಳಿದ ಅವಧಿ ಚಿಕ್ಕದಿರುವ ಸಾಲದ ಕಂತನ್ನು ಮುಂದೂಡಿ, ದೀರ್ಘಾವಧಿಯದನ್ನು ಕಟ್ಟುತ್ತ ಹೋಗಬಹುದು. ಮುಂದೂಡುವ ಮುನ್ನ, ಕಂತು ಏರುತ್ತದೆಯೋ ಅವಧಿ ಬೆಳೆಯುತ್ತದೆಯೋ ಎಂಬುದನ್ನು ತೋರಿಸುವ ಹೊಸ ಕಂತಿನ ಪಟ್ಟಿಯನ್ನು ಬ್ಯಾಂಕಿನಿಂದ ಲಿಖಿತವಾಗಿ ಪಡೆಯಿರಿ.