ಸಾಂಬಾ ಶೇರ್‌ನಲ್ಲಿ ಡಿಬಿಎಫ್ ಫೈಲ್ ಲಾಕ್: ಆಪ್‌ಲಾಕ್ ಆಫ್ ಮಾಡಿದವರು ಅನುಭವ ಹೇಳಿ

ಲಿನಕ್ಸ್ ಸರ್ವರ್, ಅದರ ಫೋಲ್ಡರ್ ಹಂಚೋಕೆ ಸಾಂಬಾ 4, ವಿಂಡೋಸ್ 10 ಪಿಸಿಗಳು. ಆಪ್‌ಲಾಕ್ ಅಂದ್ರೆ ಫೈಲಿನ ಡೇಟಾ ಪಿಸಿ ತನ್ನಲ್ಲೇ ಇಟ್ಟುಕೊಂಡು ವೇಗವಾಗಿ ಕೆಲಸ ಮಾಡೋಕೆ ಸರ್ವರ್ ಕೊಡೋ ಅನುಮತಿ. ಒಂದೇ ಫೋಲ್ಡರ್‌ನಲ್ಲಿ ಫಾಕ್ಸ್‌ಪ್ರೊ ಬಿಲ್ಲಿಂಗ್ ಟೇಬಲ್ಲುಗಳೂ (ಡಿಬಿಎಫ್) ಎಕ್ಸೆಲ್ ಫೈಲುಗಳೂ ಇವೆ. ರಾತ್ರಿ ತಾನಾಗೇ ಓಡೋ ಕ್ರಾನ್ ಸ್ಕ್ರಿಪ್ಟ್ ಅಲ್ಲೇ ರೇಟ್ ಟೇಬಲ್ ಬದಲಿಸುತ್ತೆ. ಇಂಡೆಕ್ಸ್ ಪದೇ ಪದೇ ಕೆಡ್ತಿದೆ. ನೀವೇನು ಮಾಡಿದ್ರಿ?

ಹಳೇಫಾಕ್ಸ್: ನಮ್ಮಲ್ಲಿ ಇಡೀ ಶೇರಿಗೆ 'ಆಪ್‌ಲಾಕ್ಸ್ = ನೋ'. ಆಮೇಲೆ ಸಿಡಿಎಕ್ಸ್ (ಇಂಡೆಕ್ಸ್ ಫೈಲ್) ಕೆಟ್ಟಿಲ್ಲ. ಮುಂಚೆ 2091 ಎರರ್: ಹೆಡರ್ ಹೇಳೋ ರೆಕಾರ್ಡ್ ಸಂಖ್ಯೆಗೂ ಫೈಲಿನ ಉದ್ದಕ್ಕೂ ತಾಳೆಯಿಲ್ಲ. ರೀಇಂಡೆಕ್ಸಿಗೆ ಟೇಬಲ್ ಒಬ್ಬರ ಕೈಲಷ್ಟೇ (ಎಕ್ಸ್‌ಕ್ಲೂಸಿವ್) ಇರಬೇಕು, ಅಂದ್ರೆ ಉಳಿದವರೆಲ್ಲ ಪ್ರೋಗ್ರಾಂ ಮುಚ್ಚಬೇಕು. ಕೌಂಟರಲ್ಲಿ ಕೈಬರಹದ ಬಿಲ್ಲು, ಸಂಜೆ ಅಷ್ಟೂ ಮತ್ತೆ ಎಂಟ್ರಿ. ವಿಂಡೋಸ್ ರಿಜಿಸ್ಟ್ರಿಯ ಲ್ಯಾನ್‌ಮ್ಯಾನ್‌ವರ್ಕ್‌ಸ್ಟೇಷನ್ ಪ್ಯಾರಾಮೀಟರ್ಸ್‌ನಲ್ಲಿ ಫೈಲ್‌ಇನ್ಫೋ, ಡೈರೆಕ್ಟರಿ, ಫೈಲ್‌ನಾಟ್‌ಫೌಂಡ್ ಮೂರರ ಕ್ಯಾಶ್‌ಲೈಫ್‌ಟೈಮೂ (ಹಳೇ ಮಾಹಿತಿ ಪಿಸಿಯಲ್ಲಿ ಉಳಿಯೋ ಹೊತ್ತು) 0 ಮಾಡಿದ್ವಿ. ಡೀಫಾಲ್ಟ್ 10, 10, 5 ಸೆಕೆಂಡ್.

ಟರ್ಮಿನಲ್‌ಭಟ್ಟ: ಇಡೀ ಶೇರಿಗಾ? ಎಕ್ಸೆಲ್ ತೆರೆಯೋರು ಏನು ಪಾಪ ಮಾಡಿದ್ರು? ನಮ್ಮದು 'ವೀಟೋ ಆಪ್‌ಲಾಕ್ ಫೈಲ್ಸ್ = /*.ಡಿಬಿಎಫ್/*.ಸಿಡಿಎಕ್ಸ್/*.ಎಫ್‌ಪಿಟಿ/'. ಈ ಫೈಲುಗಳಿಗೆ ಮಾತ್ರ ಆಪ್‌ಲಾಕ್ ಸಿಗಲ್ಲ. ಕೊನೆಯ ಸ್ಲ್ಯಾಶ್ ಬಿಡಬೇಡಿ. ಟೆಸ್ಟ್‌ಪಾರ್ಮ್ ಓಡಿಸಿ ಸೆಟ್ಟಿಂಗ್ ತಪ್ಪಿಲ್ಲ ಅಂತ ನೋಡಿ, ಸಾಂಬಾ ರೀಲೋಡ್ ಮಾಡಿ, ಪ್ರೋಗ್ರಾಂ ಎಲ್ಲರೂ ಮುಚ್ಚಿ ತೆರೀಲಿ. ಮೊದಲೇ ಕೊಟ್ಟ ಆಪ್‌ಲಾಕ್ ರೀಲೋಡ್ ಮಾಡಿದ್ರೂ ಹೋಗಲ್ಲ. ಎಸ್‌ಎಂಬಿಸ್ಟೇಟಸ್ -ಎಲ್ ಕೊಟ್ಟು ಆಪ್‌ಲಾಕ್ ಕಾಲಂ ನೋಡಿ. ಡಿಬಿಎಫ್ ಎದುರು 'ಲೀಸ್' (ಆಪ್‌ಲಾಕಿನ ಹೊಸ ರೂಪ) ಕಂಡರೆ ಇನ್ನೂ ಆಗಿಲ್ಲ, 'ನನ್' ಇರಬೇಕು.

ಹಳೇಫಾಕ್ಸ್: ಪಾಠ ಬೇಡ ಸ್ವಾಮಿ. ಆ ಪಟ್ಟಿಯಲ್ಲಿ ಐಡಿಎಕ್ಸ್ (ಹಳೇ ಬಗೆಯ ಇಂಡೆಕ್ಸ್) ಎಲ್ಲಿ? ಹಳೇ ಪ್ರೋಗ್ರಾಂ ಯಾವ ಎಕ್ಸ್‌ಟೆನ್ಷನ್ ಹುಟ್ಟಿಸುತ್ತೋ ಬರೆದವನಿಗೇ ನೆನಪಿರಲ್ಲ. ಎಕ್ಸೆಲ್ ನಿಧಾನ ಆದ್ರೆ ಆಗ್ಲಿ.

ಪ್ರಾಕ್‌ಲಾಕ್ಸ್: ಇಬ್ಬರೂ ಕ್ರಾನ್ ವಿಷಯ ಓದೇ ಇಲ್ಲ. ಫೈಲ್ ತೆರೆಯುವಾಗ ವಿಂಡೋಸ್ ಕೇಳೋ ಡಿನೈ ಮೋಡ್ (ಬೇರೆಯವರು ತೆರೆಯಬಾರದು ಅನ್ನೋ ಷರತ್ತು) ಸಾಂಬಾದ ಒಳಗಿನ ಪಟ್ಟಿ, ಲಾಕಿಂಗ್ ಟಿಡಿಬಿಯಲ್ಲೇ ಉಳಿಯುತ್ತೆ. ಫೈಲಿನ ಒಂದು ಭಾಗಕ್ಕೆ ಹಾಕೋ ಬೈಟ್-ರೇಂಜ್ ಲಾಕ್ ಮಾತ್ರ 'ಪೋಸಿಕ್ಸ್ ಲಾಕಿಂಗ್' ಮೂಲಕ ಎಫ್‌ಸಿಎನ್‌ಟಿಎಲ್ ಲಾಕ್ ಆಗಿ ಲಿನಕ್ಸ್ ಕರ್ನಲ್ ತಲುಪುತ್ತೆ. ಅದೂ ಕೇಳಿ ನೋಡಿದವರಿಗಷ್ಟೇ ಲಾಕು. ಲಿನಕ್ಸಿನಲ್ಲಿ ಫೈಲ್ ನಕಲು ಮಾಡೋ ಸಿಪಿ ಕಮಾಂಡ್ ಕೇಳೋದೇ ಇಲ್ಲ, ಮೇಲೆ ಬರೆದು ಹೋಗುತ್ತೆ. ಸ್ಕ್ರಿಪ್ಟ್ ಎಸ್‌ಎಂಬಿಕ್ಲೈಂಟ್ ಪುಟ್‌ನಿಂದ, ಅಂದ್ರೆ ಸಾಂಬಾ ಮೂಲಕವೇ ಬರೆಯಲಿ. ಯಾರಾದ್ರೂ ಟೇಬಲ್ ಎಕ್ಸ್‌ಕ್ಲೂಸಿವ್ ಆಗಿ ತೆರೆದಿಟ್ಟು ಮನೆಗೆ ಹೋಗಿದ್ರೆ ಶೇರಿಂಗ್ ವಯಲೇಷನ್ ಬಂದು ನಿಲ್ಲುತ್ತೆ, ಟೇಬಲ್ ಉಳಿಯುತ್ತೆ; ಶೇರ್ಡ್ ಆಗಿ ತೆರೆದಿದ್ರೆ ಇದು ತಡೆಯಲ್ಲ. ನಮ್ಮಲ್ಲಿ ಸ್ಥಳೀಯ ಪ್ರೋಗ್ರಾಂ ನೇರವಾಗಿ ಬರೆಯೋ ಒಂದು ಶೇರಿಗೆ 'ಕರ್ನಲ್ ಆಪ್‌ಲಾಕ್ಸ್ = ಯೆಸ್' ಇದೆ; ಆ ಪ್ರೋಗ್ರಾಂ ಫೈಲ್ ತೆರೆದಾಗಲೂ ಪಿಸಿಯ ಆಪ್‌ಲಾಕ್ ಬಿಡಿಸುತ್ತೆ. ಬೆಲೆ: ಆ ಶೇರಿನಲ್ಲಿ ಎಸ್‌ಎಂಬಿ 2ರ ಲೀಸ್ ಇಲ್ಲ, ಲೆವೆಲ್ 2 (ಓದೋಕಷ್ಟೇ ಕೊಡೋ ಆಪ್‌ಲಾಕ್) ಇಲ್ಲ. ಆಪ್‌ಲಾಕ್ ಬಿಡೋವರೆಗೆ ಲಿನಕ್ಸ್ ಕಾಯೋ ಹೊತ್ತು, ಲೀಸ್-ಬ್ರೇಕ್-ಟೈಮ್, ಡೀಫಾಲ್ಟ್ 45 ಸೆಕೆಂಡ್. ಒಂದು ಪಿಸಿ ಹ್ಯಾಂಗ್ ಆದ್ರೆ ಆ ಪ್ರೋಗ್ರಾಂ ಅಷ್ಟು ಹೊತ್ತು ಕಾಯಬಹುದು.

ಟರ್ಮಿನಲ್‌ಭಟ್ಟ: ಇದನ್ನ ಓದಿ ಎನ್‌ಎಫ್‌ಎಸ್ ಮೌಂಟನ್ನೇ (ಬೇರೆ ಸರ್ವರಿಂದ ತಂದ ಫೋಲ್ಡರ್) ಸಾಂಬಾದಲ್ಲಿ ಹಂಚಿರೋರು ನಕಲು ಮಾಡ್ತಾರೆ, ಅಲ್ಲಿ ಕೆಲಸ ಮಾಡಲ್ಲ.

ಪ್ರಾಕ್‌ಲಾಕ್ಸ್: ಎನ್‌ಎಫ್‌ಎಸ್ ಸುದ್ದಿ ಯಾರು ಎತ್ತಿದ್ರು? 'ಸ್ಥಳೀಯ' ಅಂತ ಬರೆದಿದ್ದು ಕಾಣಲಿಲ್ವಾ?

ಹೊಸಬ: ಇಷ್ಟೆಲ್ಲ ಯಾಕೆ? ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಹೋಗಿ.

ಹಳೇಫಾಕ್ಸ್: ಸೋರ್ಸ್ ಕೋಡೇ ಕೈಲಿಲ್ಲದ ಪ್ರೋಗ್ರಾಮಿಗೆ ಯಾವ ಪೋಸ್ಟ್‌ಗ್ರೆಸ್ಸು? ಜಿಎಸ್‌ಟಿ ರಿಪೋರ್ಟ್ ಸಮೇತ ನೀವು ಬರೆದುಕೊಡ್ತೀರಾ?