ಕಡಲ ಪಕ್ಕ ಅಕ್ಕ-ತಮ್ಮನ ಎರಡು ಮನೆ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು 3ರಿಂದ 5 ಗಂಟೆವರೆಗೆ ಆರ್ಕಿಟೆಕ್ಟ್ ಮೇಡಂ ಗ್ರೂಪಲ್ಲಿ ಇರ್ತಾರೆ. ಶಿವಮೊಗ್ಗದವರು, ಕೆಲಸ ಜಾಸ್ತಿ ಕುಂದಾಪುರ, ಬೈಂದೂರು ಕಡೆ. ಘಟ್ಟ ಇಳಿದು ಕಡಲ ಹತ್ತಿರ ಜಾಗ ತಗೊಂಡವರು ನಮ್ಮಲ್ಲಿ ಸುಮಾರು ಜನ ಇದ್ದೀರಿ, ಅದಕ್ಕೇ ಈ ವಿಷಯ. ದಯವಿಟ್ಟು ಹೂವಿನ ಚಿತ್ರ, ಫಾರ್ವರ್ಡ್ ಬೇಡ.

ಸಾಗರದ ಅಕ್ಕ: ಮೇಡಂ, ಮರವಂತೆ ಹತ್ತಿರ ನನಗೂ ತಮ್ಮನಿಗೂ ಸೇರಿ 20 ಸೆಂಟ್ಸ್ ಜಾಗ ಇದೆ. ನಮ್ಮ ಲೆಕ್ಕದಲ್ಲಿ ಎಂಟು ಗುಂಟೆ. ಅಕ್ಕಪಕ್ಕ ಎರಡು ಮನೆ, ಎರಡೂ ಕಡಲಿಗೆ ಮುಖ. ಹೊರಗಿಂದ ಒಂದೇ ಥರ ಕಾಣಬೇಕು. ಒಳಗೆ ನನಗೆ ತೊಟ್ಟಿ (ನಡುವೆ ತೆರೆದ ಅಂಗಳ), ಹಲಸಿನ ಕಂಬ, ರೆಡ್ ಆಕ್ಸೈಡ್ ನೆಲ, ಗೋಡೆಗೆ ಹಸೆ ಚಿತ್ತಾರ. ತಮ್ಮನಿಗೆ ಬಿಳಿ ಗೋಡೆ, ಕಡಲ ಕಡೆ ಇಡೀ ಗಾಜು. ಇದು ಹೊಂದುತ್ತಾ?

ಅಕ್ಕನ ತಮ್ಮ: ನಾನೂ ಇಲ್ಲೇ ಇದ್ದೇನೆ. ಊರ ಮನೆಯಲ್ಲಿ ಕಂಬ ಒರೆಸಿ, ಜೇಡರ ಬಲೆ ತೆಗೆದು ಸಾಕಾಗಿದೆ. ಬೆಂಗಳೂರಲ್ಲಿ ಇರೋರಿಗೆ ಕಂಬ ಚಂದ.

ಆರ್ಕಿಟೆಕ್ಟ್: ಹೊಂದುತ್ತೆ. ಒಳಗೆ ನೀವಿಬ್ಬರೂ ಏನು ಬೇಕಾದರೂ ಮಾಡಿಕೊಳ್ಳಿ. ಜಗಳ ಬರೋದು ಮಾಡಿನಿಂದ, ಅಂದರೆ ಛಾವಣಿಯಿಂದ. ಎರಡು ಮನೆಯ ಹಂಚಿನ ಇಳಿಜಾರು ಒಂದಕ್ಕೊಂದು ಎದುರಾದರೆ ಇಬ್ಬರ ಮಳೆನೀರೂ ನಡುವಿನ ಓಣಿಗೆ ಬೀಳುತ್ತೆ. ಎರಡು ಮಾಡನ್ನೂ ಸೇರಿಸಿ ನಡುವೆ ಗಟರ್ ಕೂರಿಸಿದರೆ ಇನ್ನೂ ಕೆಟ್ಟದು. ಸೋರೋದು ಅಲ್ಲೇ, ಯಾರು ರಿಪೇರಿ ಮಾಡಿಸಬೇಕು ಅಂತ ಮಾತು ಬಿಡೋದೂ ಅಲ್ಲೇ. ಎರಡರ ನೆತ್ತಿಯೂ ಉತ್ತರ ದಕ್ಷಿಣವಾಗಿ ಒಂದೇ ಗೆರೆಯಲ್ಲಿ ಇರಲಿ. ನೀರು ಮುಂದಕ್ಕೂ ಹಿಂದಕ್ಕೂ ಇಳಿಯುತ್ತೆ.
ಪಶ್ಚಿಮಕ್ಕೆ ಇಬ್ಬರಿಗೂ ಆರಡಿ ಜಗಲಿ ಬೇಕೇ ಬೇಕು. ತಮ್ಮ, ನಿಮ್ಮ ಗಾಜು ಅದರ ಹಿಂದೆ ಇರಲಿ. ಇಲ್ಲದಿದ್ದರೆ ಮಾರ್ಚ್‌ನಲ್ಲಿ ಮೂರು ಗಂಟೆ ಆದಮೇಲೆ ಆ ಕೋಣೆಯಲ್ಲಿ ಕೂರೋಕಾಗಲ್ಲ. ಬಾಗಿಲಿನ ಹಿಂಜ್, ಬೋಲ್ಟು, ಜಗಲಿ ಕಂಬಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೇಳಿ. ಅಂಗಡಿಯವರು 304 ಕೊಡ್ತಾರೆ, ಅದಕ್ಕೆ ಕಡಲ ಗಾಳಿಯಲ್ಲಿ ಚಹಾ ಚೆಲ್ಲಿದ ಹಾಗೆ ಕಲೆ ಬರುತ್ತೆ. ಜಿಪ್ಸಂ ಫಾಲ್ಸ್ ಸೀಲಿಂಗ್ ಮರೆತುಬಿಡಿ, ಜುಲೈಗೆ ಬೂಷ್ಟು.
ಅಕ್ಕ, ನಿಮ್ಮ ತೊಟ್ಟಿ ಚಿಕ್ಕದಿರಲಿ, ಎಂಟಡಿ ಸಾಕು. ಕಡಲಲ್ಲಿ ಮಳೆ ನೇರ ಬೀಳಲ್ಲ, ಅಡ್ಡ ಹೊಡೆಯುತ್ತೆ. ಚಿತ್ತಾರ ಒಳಗೋಡೆಗೆ ಮಾತ್ರ. ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು ಹೊರಗೋಡೆಯಲ್ಲಿ ಒಂದು ಮಳೆಗಾಲ ನಿಲ್ಲಲ್ಲ.

ಗಾಂಧಿ ಬಜಾರ್ ಅಣ್ಣ: ಚದರಕ್ಕೆ ಎಷ್ಟಾಗುತ್ತೆ ಮೇಡಂ?

ಆರ್ಕಿಟೆಕ್ಟ್: ಪ್ಲಾನ್ ನೋಡದೆ ರೇಟ್ ಹೇಳಲ್ಲ.

ತೀರ್ಥಹಳ್ಳಿ ರಾಯರು: ಆಗುಂಬೆ ಮಳೆ ಕಂಡವರಿಗೆ ಕಡಲ ಮಳೆ ಏನು ಮಹಾ? ನಮ್ಮಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುತ್ತೆ. ಅಂದಹಾಗೆ ನಮ್ಮ ಮನೆ ಸೋರುತ್ತೆ, ಏನು ಮಾಡಬೇಕು?

ಆರ್ಕಿಟೆಕ್ಟ್: ಆಗುಂಬೆ ಮಳೆಯಲ್ಲಿ ಉಪ್ಪಿಲ್ಲ ರಾಯರೇ.

ಸೊರಬ ಮೇಷ್ಟ್ರು: ಮರವಂತೆಯಲ್ಲಿ ಕಟ್ಟೋಕೆ ಬಿಡ್ತಾರಾ? ನಮ್ಮ ಷಡ್ಡಕರಿಗೆ ಪಂಚಾಯ್ತಿ ಲೈಸೆನ್ಸ್ ಸಿಕ್ಕಿದೆ, ಸಾಕಲ್ವಾ?

ಆರ್ಕಿಟೆಕ್ಟ್: ಸಾಕಾಗಲ್ಲ. ಸಿಆರ್‌ಝಡ್ ಅಂದರೆ ಕರಾವಳಿ ನಿಯಂತ್ರಣ ವಲಯ, ಉಬ್ಬರದ ಗೆರೆಯಿಂದ 500 ಮೀಟರ್ ಒಳಗೆ. 2019ರ ಅಧಿಸೂಚನೆ ಪ್ರಕಾರ ಹಳ್ಳಿ ಕಡೆ ಜನ ದಟ್ಟವಾಗಿದ್ದರೆ ಮೊದಲ 50 ಮೀಟರ್, ಇಲ್ಲದಿದ್ದರೆ ಮೊದಲ 200 ಮೀಟರ್ ಹೊಸ ಮನೆ ಕಟ್ಟೋ ಹಾಗಿಲ್ಲ. ಮರವಂತೆಯಲ್ಲಿ ಹೈವೇಗೆ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಉಬ್ಬರ ಏರುವ ನದಿಗೂ ನಿಯಮ ಇದೆ, ಅದನ್ನೂ ಅಳೀಬೇಕು. ಸರ್ವೆ ನಂಬರ್ ಹಿಡಿದು ಕರಾವಳಿ ವಲಯದ ನಕ್ಷೆ ನೋಡಿಸಿ.

ಸಾಗರದ ಅಕ್ಕ: ನಮ್ಮದು ನೋಡಿಸಿ ಆಗಿದೆ ಮೇಡಂ, ಅನುಮತಿ ಇದೆ.

ಕೊಪ್ಪದ ಶೆಟ್ರು: (ಫಾರ್ವರ್ಡ್) ತುಕ್ಕು ಬರದಂತೆ ಕಬ್ಬಿಣಕ್ಕೆ ಹಳೇ ಎಂಜಿನ್ ಆಯಿಲ್ ಹಚ್ಚಿ. ಸಿಮೆಂಟಿಗೆ ಬೆಲ್ಲದ ನೀರು ಸೇರಿಸಿದರೆ ನೂರು ವರ್ಷ ಗಟ್ಟಿ. ಎಲ್ಲರಿಗೂ ಕಳಿಸಿ.

ಆರ್ಕಿಟೆಕ್ಟ್: ಕಳಿಸಬೇಡಿ. ಎಣ್ಣೆ ಹಚ್ಚಿದ ಕಬ್ಬಿಣವನ್ನು ಕಾಂಕ್ರೀಟ್ ಹಿಡಿಯಲ್ಲ. ಸಕ್ಕರೆ ಅಂಶ ಸ್ವಲ್ಪ ಸೇರಿದರೂ ಸಿಮೆಂಟ್ ಹೊತ್ತಿಗೆ ಸರಿಯಾಗಿ ಸೆಟ್ ಆಗಲ್ಲ. ಹಳೇ ಕಾಲದಲ್ಲಿ ಬೆಲ್ಲ ಹಾಕ್ತಿದ್ದದ್ದು ಸುಣ್ಣದ ಗಾರೆಗೆ.

ಅಕ್ಕನ ತಮ್ಮ: ಮೇಡಂ, ಹಾಗಾದರೆ ಉಪ್ಪು? ನಮ್ಮ ಮೇಸ್ತ್ರಿ ಗೆದ್ದಲು ಬರಬಾರದು ಅಂತ ಅಡಿಪಾಯಕ್ಕೆ ಎರಡು ಚೀಲ ಉಪ್ಪು ಹಾಕಿದ್ದಾರೆ.

ಆರ್ಕಿಟೆಕ್ಟ್: ಎಲ್ಲಿಗೆ? ಕಾಂಕ್ರೀಟಿಗಾ, ಮಣ್ಣಿಗಾ? ಯಾವಾಗ? ಎಷ್ಟು ಕೆಜಿ ಚೀಲ?

ಅಕ್ಕನ ತಮ್ಮ: ಪ್ಲಿಂತ್ ಬೀಮ್, ಅಂದರೆ ಅಡಿಪಾಯದ ಮೇಲಿನ ಕಾಂಕ್ರೀಟ್ ತೊಲೆ, ಹಾಕಿ ಆಗಿತ್ತು. ಒಳಗೆ ಮಣ್ಣು ತುಂಬೋವಾಗ ಎರಚಿದ್ದು. 50 ಕೆಜಿ ಚೀಲ. ಹತ್ತು ದಿನ ಆಯ್ತು.

ಸಾಗರದ ಅಕ್ಕ: ಇದನ್ನ ನನಗೆ ಯಾಕೆ ಹೇಳಿಲ್ಲ?

ಆರ್ಕಿಟೆಕ್ಟ್: ಬೇರೆಯವರು ಸ್ವಲ್ಪ ಕಾಯಿರಿ, ಇದನ್ನ ಪೂರ್ತಿ ಹೇಳ್ತೀನಿ.
ತಮ್ಮ, ನಾಳೆ ಕೆಲಸ ನಿಲ್ಲಿಸಿ. ಕಬ್ಬಿಣ ತಿನ್ನೋದು ಉಪ್ಪಿನಲ್ಲಿರುವ ಕ್ಲೋರೈಡ್. ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡ ಐಎಸ್ 456 ಪ್ರಕಾರ ಕಬ್ಬಿಣ ಇರುವ ಒಂದು ಘನ ಮೀಟರ್ ಕಾಂಕ್ರೀಟಿನಲ್ಲಿ 0.6 ಕೆಜಿಗಿಂತ ಜಾಸ್ತಿ ಕ್ಲೋರೈಡ್ ಇರಬಾರದು. ನಿಮ್ಮ ಒಂದು ಚೀಲದಲ್ಲಿ ಸುಮಾರು 30 ಕೆಜಿ ಕ್ಲೋರೈಡ್ ಇದೆ. ಅಂದರೆ 50 ಘನ ಮೀಟರಿನ ಮಿತಿ ಒಂದೇ ಚೀಲಕ್ಕೆ ಮುಗೀತು. ಕಡಲ ಗಾಳಿಯಿಂದ ಉಪ್ಪು ದೂರ ಇಡಲಿ ಅಂತ ನಾವು ಕಬ್ಬಿಣದ ಮೇಲೆ 45 ಮಿ.ಮೀ. ಕಾಂಕ್ರೀಟ್ ಕವರ್, ಗಟ್ಟಿ ಎಂ30 ಕಾಂಕ್ರೀಟ್ ಅಂತೆಲ್ಲ ಖರ್ಚು ಮಾಡಿಸ್ತೀವಿ. ನೀವು ಮನೆಯೊಳಗೇ ತಂದು ಹೂತಿದ್ದೀರಿ.
ಪುಣ್ಯಕ್ಕೆ ಕಾಂಕ್ರೀಟಿಗೆ ಕಲೆಸಿಲ್ಲ. ಆದರೆ ಮಳೆಗಾಲದಲ್ಲಿ ಮಣ್ಣು ಒದ್ದೆಯಾದರೆ ಉಪ್ಪು ಕರಗಿ ಬೀಮಿಗೆ ಹತ್ತುತ್ತೆ, ಗೋಡೆಗೂ ಏರುತ್ತೆ. ನಿಮ್ಮ ಬಿಳಿ ಗೋಡೆಯ ಬುಡದಲ್ಲಿ ಹಿಟ್ಟು ಉದುರಿದ ಹಾಗೆ ಸುಣ್ಣ ಉದುರೋಕೆ ಶುರು. ಅಕ್ಕನ ಮನೆಯೂ ಒತ್ತಿಗೇ ಇರೋದರಿಂದ ಅಲ್ಲಿಗೂ ಹರಿಯಬಹುದು.
ಈಗ ಉಪ್ಪು ಬಿದ್ದ ಮಣ್ಣು ಪೂರ್ತಿ ತೆಗೆಸಿ, ಜೊತೆಗೆ ಅದರ ಕೆಳಗಿನ ಒಂದಡಿಯನ್ನೂ. ಜಾಗದಲ್ಲೇ ಗುಡ್ಡೆ ಹಾಕಬೇಡಿ. ಬೀಮಿನ ಬದಿ ಸಿಹಿನೀರಲ್ಲಿ ತೊಳೆದು ಒಣಗಿಸಿ. ಬೀಮಿಂದ ಸ್ಯಾಂಪಲ್ ತೆಗೆಸಿ ಕ್ಲೋರೈಡ್ ಪರೀಕ್ಷೆ ಮಾಡಿಸಿ, ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಲ್ಲಿ ವಿಚಾರಿಸಿ. ವರದಿ ಸರಿ ಇದ್ದರೆ ಬೀಮಿಗೆ ಬಿಟುಮೆನ್ ಹಚ್ಚಿ ಹೊಸ ಮಣ್ಣು ತುಂಬಿ. ಅಲ್ಲಿತನಕ ಒಂದು ಕಲ್ಲೂ ಮೇಲೆ ಹೋಗಬಾರದು. ಗೆದ್ದಲಿಗೆ ಮಣ್ಣಿಗೆ ಔಷಧಿ ಹೊಡೆಯೋರು ಬೇರೆ ಇದ್ದಾರೆ, ಮೇಸ್ತ್ರಿ ಅಲ್ಲ.
ಕಾಂಕ್ರೀಟಿಗೆ ಯಾವ ನೀರು ಹಾಕಿದ್ರಿ?

ಅಕ್ಕನ ತಮ್ಮ: ಜಾಗದ ಬಾವಿದು. ಬಾಯಿಗೆ ಸ್ವಲ್ಪ ಸವಳು.

ಆರ್ಕಿಟೆಕ್ಟ್: ಅದನ್ನೂ ಪರೀಕ್ಷೆಗೆ ಕೊಡಿ. ಲೀಟರಿಗೆ 500 ಮಿಲಿಗ್ರಾಂ ಕ್ಲೋರೈಡ್ ದಾಟಿದರೆ ಕಬ್ಬಿಣದ ಕೆಲಸಕ್ಕೆ ಆಗಲ್ಲ.

ರಿಪ್ಪನ್‌ಪೇಟೆ: ಚದರಕ್ಕೆ ಅಂದಾಜು ರೇಟ್?

ಆರ್ಕಿಟೆಕ್ಟ್: ಮೇಲೆ ನೋಡಿ.

ಕೊಪ್ಪದ ಶೆಟ್ರು: ನಮ್ಮಜ್ಜ ಉಪ್ಪು ಹಾಕಿಯೇ ಕಟ್ಟಿದ್ದು, ಇವತ್ತಿಗೂ ಮನೆ ಅಲ್ಲಾಡಿಲ್ಲ.

ಆರ್ಕಿಟೆಕ್ಟ್: ನಿಮ್ಮಜ್ಜನ ಅಡಿಪಾಯದಲ್ಲಿ ಕಬ್ಬಿಣ ಇತ್ತಾ?

ಹೊಸನಗರ ಹುಡುಗ: ಟಾಯ್ಲೆಟ್ ಯಾವ ಮೂಲೆಗೆ ಮೇಡಂ?

ಅಡಿಕೆ ಮಂಡಿ: ಅಕ್ಕ, ಕಂಬ ಬೇಕಾ? ನಮ್ಮೂರಲ್ಲಿ ಹಳೇ ಮನೆ ಬಿಚ್ಚುತ್ತಿದ್ದಾರೆ. ಆರು ಹಲಸಿನ ಕಂಬ, ಕೆತ್ತನೆ ಬೋದಿಗೆ ಸಮೇತ.

ಹಿನ್ನೀರಿನ ಹುಡುಗಿ: ಬಿಚ್ಚೋದೇನು, ಮಾರ್ತಿದ್ದಾರೆ ಅನ್ನಿ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರುವಾಗ ನಮ್ಮಜ್ಜ ಎತ್ತಿನ ಗಾಡಿಯಲ್ಲಿ ಮನೆ ಕಂಬ ಹೇರಿಕೊಂಡು ಬಂದಿದ್ದರು. ಈಗ ಅಂಥವನ್ನ ಬೀಚಿನ ಶೋಕಿಗೆ ಒಯ್ಯೋದಾ?

ಅಡಿಕೆ ಮಂಡಿ: ಗೆದ್ದಲು ತಿಂದು ಬೀಳೋದಕ್ಕಿಂತ ವಾಸಿ ಅಲ್ವಾ? ಆ ಮನೆಯಲ್ಲಿ ಇರೋದು ಒಬ್ಬ ಅಜ್ಜಿ. ಸೋರೋ ಮಾಡಿನ ಖರ್ಚು ನೀವು ಕೊಡ್ತೀರಾ?

ಹಿನ್ನೀರಿನ ಹುಡುಗಿ: ಕಮಿಷನ್ ನಿಮಗೆ ಎಷ್ಟು ಅಂತ ಅದನ್ನೂ ಹೇಳಿ.

ಸಾಗರದ ಅಕ್ಕ: ನಾನು ಶೋಕಿಗೆ ಕೇಳ್ತಿಲ್ಲ. ನನ್ನ ಪಾಲಿಗೆ ಊರ ಮನೆ ಬಂದಿಲ್ಲ, ತಮ್ಮನಿಗೆ ಹೋಯ್ತು. ಅವನಿಗೆ ಅದರಲ್ಲಿ ಕಾಣೋದು ಜೇಡರ ಬಲೆ ಮಾತ್ರ.

ಅಕ್ಕನ ತಮ್ಮ: ಅದು ಇಲ್ಲಿ ಬೇಕಾ ಅಕ್ಕ?

ಅಡ್ಮಿನ್: ದಯವಿಟ್ಟು ವಿಷಯಕ್ಕೆ ಬನ್ನಿ.

ಆರ್ಕಿಟೆಕ್ಟ್: ಕಂಬ ತಗೊಳ್ಳೋದಾದರೆ ಸಾಗಿಸೋಕೆ ಅರಣ್ಯ ಇಲಾಖೆ ಪಾಸ್ ವಿಚಾರಿಸಿ. ಬುಡ ನೆಲಕ್ಕೆ ತಾಗಬಾರದು, ಕೆಳಗೆ ಒಂದಡಿ ಕಲ್ಲು. ಬಡಿದು ನೋಡಿ, ಡೊಳ್ಳು ಸದ್ದು ಬಂದರೆ ಬೇಡ.

ತೀರ್ಥಹಳ್ಳಿ ರಾಯರು: ಮೇಡಂ ನಮ್ಮ ಮನೆ ಸೋರೋದರ ಬಗ್ಗೆ ಆಗಲೇ ಕೇಳಿದ್ದೆ, ಉತ್ತರ ಬಂದಿಲ್ಲ.

ಅಡಿಗೆಮನೆ ಅತ್ತಿಗೆ: ಕಡಲ ಮನೆಗೆ ಕಿಚನ್ ಕಪಾಟು ಯಾವುದರದ್ದು?

ಆರ್ಕಿಟೆಕ್ಟ್: ಮರೀನ್ ಪ್ಲೈ, ಐಎಸ್ 710 ಅಚ್ಚು ನೋಡಿ. ಅಂಚುಗಳನ್ನೂ ಸೀಲ್ ಮಾಡಿಸಿ.

ಗಾಂಧಿ ಬಜಾರ್ ಅಣ್ಣ: ಸುಮ್ನೆ ಒಂದು ಅಂದಾಜು ಹೇಳಿದರೆ ಏನಾಗುತ್ತೆ?

ಆರ್ಕಿಟೆಕ್ಟ್: ನಾಳೆ ಅದನ್ನೇ ಹಿಡಿದು ಕಂಟ್ರಾಕ್ಟರ್ ಜೊತೆ ಜಗಳ ಆಡ್ತೀರಿ, ಅದಾಗುತ್ತೆ. ನನ್ನ ಹೊತ್ತು ಮುಗೀತು. ತಮ್ಮ, ನಿಮ್ಮದು ಮಾತ್ರ ರಾತ್ರಿ ನೋಡ್ತೀನಿ. ಮೇಸ್ತ್ರಿಗೆ ಫೋನ್ ಮಾಡಿ ಸರಿಯಾಗಿ ಕೇಳಿ.

ಕೊಪ್ಪದ ಶೆಟ್ರು: (ಫಾರ್ವರ್ಡ್) ಗೆದ್ದಲಿಗೆ ಕರ್ಪೂರ…

ಅಡ್ಮಿನ್: ಶೆಟ್ರೇ!

ಅಕ್ಕನ ತಮ್ಮ: ಮೇಡಂ, ಮೇಸ್ತ್ರಿ ಸಿಕ್ಕಿದರು. ಎರಡಲ್ಲವಂತೆ, ಮೂರು ಚೀಲ. ಮೂರನೇದು ಉಳೀತು ಅಂತ ಪಕ್ಕದ ಪ್ಲಿಂತಿಗೆ ಹಾಕಿದ್ದಾರೆ.

ಆರ್ಕಿಟೆಕ್ಟ್: ಪಕ್ಕದ್ದು ಅಂದರೆ ಅಕ್ಕನದ್ದು?

ಸಾಗರದ ಅಕ್ಕ: ನನ್ನ ಫೋನ್ ಎತ್ತು.